ಅಂಡಾಶಯವೂ ಹೃದಯವೂ

1952ನೆಯ ಇಸವಿಯಲ್ಲಿ ಅಮೆರಿಕದ ಷಿಕಾಗೊ ನಗರದ ಮೈಕೇಲ್ ರೀಸ್ ಆಸ್ಪತ್ರೆಯ ಸಂಶೋಧನಾಲಯದಲ್ಲಿ ರೂತ್ ಪಿಕ್, ಜೆರೆಮಯ ಸ್ಟಾಮ್ಲರ್, ಸೈಮನ್ ರಾಡ್‌ಬಾರ್ಡ್, ಲೂಯಿ ಕಾಟ್ಸ್ ಎಂಬ ನಾಲ್ವರು ವಿಜ್ಞಾನಿಗಳು ಎಳೆಯ ಹುಂಜಗಳಿಗೆ ಕೊಲೆಸ್ಟರಾಲನ್ನೂ ಹತ್ತಿಕಾಳಿನ ಎಣ್ಣೆಯನ್ನೂ ಬೆರೆಸಿದ ಆಹಾರವನ್ನು ತಿನ್ನಿಸಿ, ಅವುಗಳ ಧಮನಿಗಳಲ್ಲಿ ಜಿಡ್ಡು ಕಟ್ಟುವುದನ್ನು ಪರೀಕ್ಷಿಸುತ್ತಿದ್ದರು. ಆ ಹುಂಜಗಳಲ್ಲಿ ಕೆಲವಕ್ಕೆ ಸ್ತ್ರೀದೇಹದ ಅಂತಃಸ್ರಾವವಾದ ಈಸ್ಟ್ರೋಜೆನ್ನನ್ನು ಸೂಜಿಯ ಮೂಲಕ ಕೊಡಲಾಗಿತ್ತು. ಹಕ್ಕಿಗಳನ್ನು ಸೀಳಿ ನೋಡಿದಾಗ ಕಂಡ ಸಂಗತಿ ವಿಲಕ್ಷಣವಾಗಿತ್ತು. ಎರಡು ಗುಂಪುಗಳಲ್ಲಿಯೂ ರಕ್ತದ ಕೊಲೆಸ್ಟರಾಲು ಬಹಳವಾಗಿ ಏರಿತ್ತು, ಎರಡರಲ್ಲಿಯೂ ದೇಹದ ಮಹಾಧಮನಿಯಲ್ಲಿ ಜಿಡ್ಡು ಕಟ್ಟಿತ್ತು. ಆದರೆ ಹೃದಯದ ಸ್ನಾಯುವಿಗೇ ರಕ್ತವನ್ನೊದಗಿಸತಕ್ಕ ಕರೋನರಿ ಧಮನಿಗಳು ಈಸ್ಟ್ರೋಜೆನ್ ಪಡೆದ ಹುಂಜಗಳಲ್ಲಿ ಬಹುಮಟ್ಟಿಗೆ ನಿರ್ಮಲವಾಗಿಯೇ ಉಳಿದಿದ್ದುವು. ಅದೇ ವರ್ಷದ ಮತ್ತೊಂದು ಪ್ರಯೋಗದಲ್ಲಿ, ಆಗಲೇ ಕಟ್ಟಿದ್ದ ಜಿಡ್ಡು ಸಹ ಈಸ್ಟ್ರೋಜೆನ್ನಿನ ಪ್ರಭಾವದಿಂದ ಕರಗಿಹೋಗುವುದು ಗೋಚರವಾಯಿತು.

ಅವರು ಈ ಪ್ರಯೋಗಕ್ಕೆ ಕೈಹಾಕುವುದಕ್ಕೆ ಕಾರಣವಿಲ್ಲದೆ ಇರಲಿಲ್ಲ. ನಲವತ್ತು ಐವತ್ತರ ವಯಸ್ಸಿನಲ್ಲಿ ಹೃದಯಾಘಾತಕ್ಕೆ ತುತ್ತಾಗಿ ಬರುವವರಲ್ಲಿ ಗಂಡಸರೇ ಅಧಿಕರೆಂಬುದನ್ನೂ, ಹೆಂಗಸರಲ್ಲಿ ಆ ರೋಗವು ಸುಮಾರು ಹತ್ತು ವರ್ಷ ತಡವಾಗಿ ತಲೆದೋರುವುದೆಂಬುದನ್ನೂ ವೈದ್ಯರು ಬಹುಕಾಲದಿಂದ ಕಂಡಿದ್ದರು. 1948ರಲ್ಲಿ ಮ್ಯಾಸಚೂಸೆಟ್ಸ್ ಪ್ರಾಂತದ ಫ್ರೇಮಿಂಗ್‌ಹ್ಯಾಮ್ ಎಂಬ ಊರಿನಲ್ಲಿ ಆರಂಭವಾದ ದೀರ್ಘಕಾಲದ ಸಮೀಕ್ಷೆಯು ಮುಂದೆ ಈ ಅಭಿಪ್ರಾಯವನ್ನು ಖಚಿತಪಡಿಸಿತು: ಒಂದೇ ವಯಸ್ಸಿನ ಹೆಂಗಸರಲ್ಲಿ ಮುಟ್ಟು ನಿಂತವರಿಗೆ ಹೃದ್ರೋಗದ ಭಯ ಹೆಚ್ಚು, ನಿಲ್ಲದವರಿಗೆ ಕಡಮೆ. ಆದರೆ ಮನುಷ್ಯರನ್ನು ಕೇವಲ ನೋಡುವುದರಿಂದ ಕಾರಣವನ್ನು ನಿರ್ಣಯಿಸಲಾಗದು. ಮುಟ್ಟು ನಿಲ್ಲುವ ಕಾಲದಲ್ಲಿಯೇ ಮುಪ್ಪು ಸಮೀಪಿಸುತ್ತದೆ, ಮೈ ತೂಕ ಏರುತ್ತದೆ, ದುಡಿಮೆಯ ರೀತಿ ಬದಲಾಗುತ್ತದೆ, ಮನೆಯ ಚಿಂತೆಗಳು ಬೇರೆಯಾಗುತ್ತವೆ. ಇವುಗಳಲ್ಲಿ ಯಾವುದು ಧಮನಿಯನ್ನು ಕೆಡಿಸಿತೆಂದು ಹೇಳುವುದು ಹೇಗೆ? ಒಂದನ್ನು ಮಾತ್ರ ಕಳೆದು ಮಿಕ್ಕೆಲ್ಲವನ್ನೂ ಇದ್ದಂತೆಯೇ ಇರಿಸುವ ಉಪಾಯವು ಪ್ರಾಣಿಗಳಲ್ಲಿ ಮಾತ್ರವೇ ಸಾಧ್ಯವಾಗಿತ್ತು.

ಆ ಉಪಾಯ ಹಳೆಯದು. ಹತ್ತೊಂಬತ್ತನೆಯ ಶತಮಾನದ ಕಡೆಯ ವರ್ಷಗಳಲ್ಲಿ ವಿಯೆನ್ನಾ ನಗರದ ಎಮಿಲ್ ಕ್ನಾವರ್ ಎಂಬ ವೈದ್ಯನು ಹೆಣ್ಣು ಮೊಲದ ಅಂಡಾಶಯಗಳನ್ನು ಕಿತ್ತು, ಅವನ್ನು ಅದೇ ದೇಹದ ಬೇರೊಂದು ಸ್ಥಳದಲ್ಲಿ ನಾಟಿಮಾಡಿದನು. ಅಂಡಾಶಯ ಹೋದರೆ ಸೊರಗಬೇಕಾಗಿದ್ದ ಗರ್ಭಕೋಶವು ಸೊರಗಲಿಲ್ಲ. ಅಂಡಾಶಯವು ತಾನಿರುವ ಸ್ಥಾನದ ಬಲದಿಂದಲ್ಲದೆ ರಕ್ತಕ್ಕೆ ಸುರಿಸುವ ಯಾವುದೋ ರಸದ ಬಲದಿಂದ ಕೆಲಸ ಮಾಡುತ್ತದೆ ಎಂಬುದು ಅಲ್ಲಿಗೆ ನಿಶ್ಚಯವಾಯಿತು. ಆ ರಸವನ್ನು ಹಿಡಿದುಕೊಟ್ಟವರು ಸೇಂಟ್ ಲೂಯಿಯ ಎಡ್ಗರ್ ಅಲೆನ್ ಮತ್ತು ಎಡ್ವರ್ಡ್ ಡೋಯ್ಸಿ. 1923ರಲ್ಲಿ ಇವರು ಹಂದಿಯ ಅಂಡಾಶಯದ ಕೋಶಿಕೆಗಳಲ್ಲಿರುವ ದ್ರವವನ್ನು ಅಂಡಾಶಯ ತೆಗೆದ ಇಲಿಗಳಿಗೆ ಚುಚ್ಚಿ, ಸ್ತಬ್ಧವಾಗಿದ್ದ ಋತುಚಕ್ರದ ಚಿಹ್ನೆಗಳು ಮರಳಿ ಕಾಣಿಸಿಕೊಂಡುದನ್ನು ತೋರಿಸಿದರು. 1929ರಲ್ಲಿ ಡೋಯ್ಸಿಯೂ ಜರ್ಮನಿಯ ಅಡಾಲ್ಫ್ ಬ್ಯೂಟೆನಾಂಟನೂ ಬೇರೆಬೇರೆಯಾಗಿ ಗರ್ಭಿಣಿಯರ ಮೂತ್ರದಿಂದ ಈಸ್ಟ್ರೋನ್ ಎಂಬ ಈಸ್ಟ್ರೋಜೆನ್ನಿನ ಮೊದಲ ಸ್ಫಟಿಕವನ್ನು ಬೇರ್ಪಡಿಸಿದರು. ಇನ್ನೂ ಪ್ರಬಲವಾದ ಈಸ್ಟ್ರಡಯೋಲನ್ನು ಪಡೆಯುವುದಕ್ಕೆ ಮುಂದಿನ ದಶಕದಲ್ಲಿ ಡೋಯ್ಸಿಯ ತಂಡವು ಸುಮಾರು ನಾಲ್ಕು ಟನ್ ಹಂದಿ ಅಂಡಾಶಯಗಳನ್ನು ಅರೆದು ಸೋಸಬೇಕಾಯಿತು; ದಕ್ಕಿದ್ದು ಕೆಲವೇ ಮಿಲಿಗ್ರಾಂ. ಇಷ್ಟು ಅಲ್ಪ ಪ್ರಮಾಣದ ವಸ್ತುವೊಂದು ಇಡೀ ದೇಹದ ವ್ಯವಹಾರವನ್ನು ಮಾರ್ಪಡಿಸಬಲ್ಲುದೆಂಬುದನ್ನು ನೆನೆದಾಗ ಇಂದಿಗೂ ಬೆರಗಾಗುತ್ತದೆ.

ಅಂಡಾಶಯವನ್ನು ತೆಗೆದುಹಾಕಿದ ಇಲಿಯೇ ಅಂದಿನಿಂದ ಇಂದಿನವರೆಗೂ ಈ ವಿದ್ಯೆಯ ಮುಖ್ಯ ಸಾಧನವಾಗಿದೆ. ಶಸ್ತ್ರಕ್ರಿಯೆಯಾದ ಕೆಲವು ದಿನಗಳೊಳಗೆ ಆ ಇಲಿ ಹೆಚ್ಚಾಗಿ ತಿನ್ನತೊಡಗುತ್ತದೆ. ಕೆಲವು ವಾರಗಳಲ್ಲಿ ಅದರ ತೂಕ ಎದ್ದುಕಾಣುವಷ್ಟು ಏರಿ, ಅನಂತರ ಆ ಹೊಸ ಮಟ್ಟದಲ್ಲಿಯೇ ನಿಲ್ಲುತ್ತದೆ. ಕುತೂಹಲದ ವಿಷಯವೆಂದರೆ, ತೂಕ ನಿಂತಮೇಲೆ ಹಸಿವು ಬಹುಪಾಲು ಹಿಂದಿನಂತೆಯೇ ಆಗುತ್ತದೆ, ಆದರೆ ಕೂಡಿದ ಕೊಬ್ಬು ಕರಗುವುದಿಲ್ಲ. ಹಾಗಿದ್ದರೆ ಇದೆಲ್ಲವೂ ಆರಂಭದ ಆ ಅತಿಭೋಜನದ ಫಲವೇ? ಜಾರ್ಜ್ ವೇಡ್ ಮೊದಲಾದ ಸಂಶೋಧಕರು 1970ರ ದಶಕದಲ್ಲಿ ಅಂಡಾಶಯವಿಲ್ಲದ ಇಲಿಗಳಿಗೆ ಅಂಡಾಶಯವಿರುವ ಇಲಿಗಳು ತಿನ್ನುವಷ್ಟನ್ನೇ ಅಳೆದು ಹಾಕಿ ನೋಡಿದರು. ಆಗಲೂ ಅವು ಹೆಚ್ಚು ಕೊಬ್ಬನ್ನು ಕೂಡಿಹಾಕಿದುವು. ಎಂದಮೇಲೆ ದೋಷವು ಬಾಯಲ್ಲಿ ಮಾತ್ರವಲ್ಲ, ಖರ್ಚಿನಲ್ಲಿಯೂ ಇತ್ತು. ಖರ್ಚಿನ ಈ ಕಡೆಯು ಅರ್ಧ ಶತಮಾನಕ್ಕೆ ಹಿಂದೆಯೇ ಒಮ್ಮೆ ಕಣ್ಣಿಗೆ ಬಿದ್ದಿತ್ತು: 1923ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ವಾಂಗ್ ಎಂಬ ಸಂಶೋಧಕನು, ಬೆದೆಯ ಕಾಲಕ್ಕೆ ಸರಿಯಾಗಿ ಹೆಣ್ಣಿಲಿಯು ನಾಲ್ಕೈದು ದಿನಕ್ಕೊಮ್ಮೆ ಓಟದ ಚಕ್ರದಲ್ಲಿ ವಿಪರೀತವಾಗಿ ಓಡುವುದನ್ನು ಲೆಕ್ಕವಿಟ್ಟು ತೋರಿಸಿದ್ದನು. ಅಂಡಾಶಯ ಹೋದರೆ ಈ ಚಕ್ರಗತಿಯ ಓಟವೂ ಹೋಗುತ್ತದೆ.

ಎಲ್ಲಿ ಕುಳಿತು ಈಸ್ಟ್ರೋಜೆನ್ ಈ ಆಯವ್ಯಯವನ್ನು ನಡೆಸುತ್ತದೆಂಬುದು ಅನಂತರದ ಪ್ರಶ್ನೆ. 1950ರ ದಶಕದ ಕೊನೆಯ ವೇಳೆಗೆ ಷಿಕಾಗೊದ ಎಲ್ವುಡ್ ಜೆನ್ಸೆನ್ ಅವರು ವಿಕಿರಣಶೀಲ ಜಲಜನಕದಿಂದ ಗುರುತುಹಾಕಿದ ಈಸ್ಟ್ರಡಯೋಲನ್ನು ಎಳೆಯ ಇಲಿಗಳಿಗೆ ಕೊಟ್ಟು, ಅದು ಗರ್ಭಕೋಶದಲ್ಲಿ ಹಿಡಿದಿಟ್ಟಂತೆ ನಿಲ್ಲುವುದನ್ನು ಕಂಡು, ಅದನ್ನು ಹಿಡಿದಿಡತಕ್ಕ ಗ್ರಾಹಕವೊಂದಿದೆಯೆಂದು ಸಾಧಿಸಿದರು. 1993ರಲ್ಲಿ ಆ ಗ್ರಾಹಕದ ಜೀನನ್ನೇ ಕೆಡಿಸಿದ ಸುಂಡಿಲಿಗಳು ಹುಟ್ಟಿದುವು. ಗ್ರಾಹಕವಿಲ್ಲದ ಜೀವ ಗರ್ಭದಲ್ಲಿಯೇ ಅಳಿಯುವುದೆಂದು ಹಲವರು ಎಣಿಸಿದ್ದರು. ಅದು ಬದುಕಿತು, ಆದರೆ ಬಂಜೆಯಾಗಿ ಬದುಕಿತು, ವಯಸ್ಸಾದಂತೆ ಕೊಬ್ಬಿತು, ಇನ್ಸುಲಿನ್ನಿನ ಆಜ್ಞೆಗೆ ಮಂದವಾಯಿತು. 1996ರಲ್ಲಿ ಎರಡನೆಯ ಗ್ರಾಹಕವೊಂದು ಸ್ವೀಡನ್ನಿನಲ್ಲಿ ಬೆಳಕಿಗೆ ಬಂದುದರಿಂದ ಮೊದಲನೆಯದಕ್ಕೆ ಆಲ್ಫಾ ಎಂದೂ ಇದಕ್ಕೆ ಬೀಟಾ ಎಂದೂ ಹೆಸರಾಯಿತು. ಕೊಬ್ಬಿನ ವಿಷಯದಲ್ಲಿ ಮುಖ್ಯವಾದದ್ದು ಆಲ್ಫಾ. 2000ದ ಇಸವಿಯಲ್ಲಿ ಪ್ರಕಟವಾದ ಎರಡು ಅಧ್ಯಯನಗಳು ಇದಕ್ಕೆ ಪೂರಕವಾದುವು. ಒಂದರಲ್ಲಿ ಆಲ್ಫಾ ಗ್ರಾಹಕವಿಲ್ಲದ ಸುಂಡಿಲಿಗಳು ಹೆಚ್ಚು ತಿನ್ನದೆಯೇ ಕೊಬ್ಬಿದುದು ಕಂಡುಬಂತು. ಇನ್ನೊಂದರಲ್ಲಿ, ಈಸ್ಟ್ರೋಜೆನ್ನನ್ನು ತಯಾರಿಸುವ ಅರೋಮಟೇಸ್ ಎಂಬ ಕಿಣ್ವವೇ ಇಲ್ಲದ ಸುಂಡಿಲಿಗಳಲ್ಲಿ ಒಡಲಿನ ಕೊಬ್ಬು ಹೆಚ್ಚಿತು. ಇವುಗಳಲ್ಲಿ ಗಮನಿಸಬೇಕಾದುದು ಒಂದುಂಟು. ಕೊಬ್ಬಿದ್ದು ಹೆಣ್ಣುಗಳು ಮಾತ್ರವಲ್ಲ, ಗಂಡುಗಳೂ ಕೊಬ್ಬಿದುವು. ಈಸ್ಟ್ರೋಜೆನ್ ಸ್ತ್ರೀಯರ ಸೊತ್ತೆಂಬ ನಮ್ಮ ಸಾಮಾನ್ಯ ಭಾವನೆಯು ಅಪೂರ್ಣವಾದದ್ದು. ಗಂಡಿನ ದೇಹವೂ ತನ್ನ ವೃಷಣರಸದಲ್ಲಿ ಒಂದಿಷ್ಟನ್ನು ಈಸ್ಟ್ರೋಜೆನ್ನಾಗಿ ಮಾರ್ಪಡಿಸಿಕೊಂಡು ಬಾಳುತ್ತದೆ. 1994ರಲ್ಲಿ ವರ್ಣಿತನಾದ ಇಪ್ಪತ್ತೆಂಟು ವರ್ಷದ ಒಬ್ಬ ಪುರುಷನು ಈ ಮಾತಿಗೆ ಜೀವಂತ ಸಾಕ್ಷಿಯಾದನು. ಅವನಲ್ಲಿ ಹುಟ್ಟಿನಿಂದಲೇ ಆಲ್ಫಾ ಗ್ರಾಹಕ ಕೆಲಸಮಾಡುತ್ತಿರಲಿಲ್ಲ. ಎಲುಬಿನ ತುದಿಗಳು ಬೆಸೆಯದೆ ಅವನು 204 ಸೆಂಟಿಮೀಟರ್ ಎತ್ತರಕ್ಕೆ ಬೆಳೆದು ಇನ್ನೂ ಬೆಳೆಯುತ್ತಲೇ ಇದ್ದನು. ಅವನ ದೇಹವು ಇನ್ಸುಲಿನ್ನಿಗೆ ಸರಿಯಾಗಿ ಓಗೊಡುತ್ತಿರಲಿಲ್ಲ, ಮತ್ತು ಕೆಲವು ವರ್ಷಗಳ ಅನಂತರ ಆ ಎಳೆಯ ವಯಸ್ಸಿನಲ್ಲಿಯೇ ಅವನ ಹೃದಯಧಮನಿಗಳಲ್ಲಿ ಸುಣ್ಣಾಂಶ ಸೇರಿರುವುದು ಕಂಡುಬಂತು.

ಮಿದುಳಿನ ಕೆಳಭಾಗದಲ್ಲಿರುವ ಹೈಪೊಥಲಾಮಸ್ ಎಂಬ ಚಿಕ್ಕ ಪ್ರದೇಶದಲ್ಲಿ ಈ ಆಯವ್ಯಯದ ಕಚೇರಿಗಳು ಬೇರೆಬೇರೆಯಾಗಿವೆಯೆಂಬುದು ಈ ಶತಮಾನದಲ್ಲಿ ತಿಳಿದ ಸಂಗತಿ. 2007ರಲ್ಲಿ ಅದರ ಒಂದು ನರಕೇಂದ್ರದಲ್ಲಿ ಮಾತ್ರ ಆಲ್ಫಾ ಗ್ರಾಹಕವನ್ನು ಅಡಗಿಸಿದಾಗ, ಅಂಡಾಶಯ ಸುಸ್ಥಿತಿಯಲ್ಲಿದ್ದ ಪ್ರಾಣಿಗಳೂ ಕೊಬ್ಬಿದುವು. 2011ರ ಪ್ರಯೋಗವೊಂದರಲ್ಲಿ ಇನ್ನೂ ಸೂಕ್ಷ್ಮವಾದ ವಿಭಾಗ ಗೋಚರವಾಯಿತು: ಒಂದು ಬಗೆಯ ನರಕೋಶಗಳಲ್ಲಿ ಗ್ರಾಹಕವನ್ನು ಕಳೆದರೆ ಹಸಿವು ಹೆಚ್ಚುತ್ತದೆ, ಮತ್ತೊಂದು ಬಗೆಯವುಗಳಲ್ಲಿ ಕಳೆದರೆ ಹಸಿವು ಹೆಚ್ಚದೆಯೇ ಶಕ್ತಿವ್ಯಯ ಕುಗ್ಗುತ್ತದೆ. ಮುಟ್ಟು ನಿಂತಮೇಲೆ, ತಾನು ಮೊದಲಿಗಿಂತ ಹೆಚ್ಚಾಗಿ ಉಣ್ಣುವುದಿಲ್ಲ, ಆದರೂ ಹೊಟ್ಟೆ ಬರುತ್ತಿದೆ ಎಂದು ಹೇಳುವ ಹೆಂಗಸಿನ ಮಾತನ್ನು ಅಪನಂಬಿಕೆಯಿಂದ ಕೇಳುವ ವೈದ್ಯರೂ ಮನೆಯವರೂ ಈ ಸುಂಡಿಲಿಗಳ ವೃತ್ತಾಂತವನ್ನು ಒಮ್ಮೆ ಓದಬೇಕೆಂದು ನನ್ನ ಅಪೇಕ್ಷೆ. ಅವಳು ನಿಜವನ್ನೇ ಹೇಳುತ್ತಿರಬಹುದು.

ಯಕೃತ್ತಿನಲ್ಲಿಯೂ ಈಸ್ಟ್ರೋಜೆನ್ನಿಗೆ ಕೆಲಸವುಂಟು. ರಕ್ತದಿಂದ ಕೊಲೆಸ್ಟರಾಲನ್ನು ಸೆಳೆದುಕೊಳ್ಳುವ ಗ್ರಾಹಕಗಳು, ಅಧಿಕ ಪ್ರಮಾಣದ ಈಸ್ಟ್ರೋಜೆನ್ ಪಡೆದ ಇಲಿಯ ಯಕೃತ್ತಿನಲ್ಲಿ ಅತಿಶಯವಾಗಿ ಹೆಚ್ಚುತ್ತವೆ. ಇದನ್ನು 1979ರಲ್ಲಿ ತೋರಿಸಿದವರಲ್ಲಿ ಮುಂದೆ ನೊಬೆಲ್ ಪಾರಿತೋಷಕ ಪಡೆದ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್ ಇದ್ದರು. ಇನ್ನು ರಕ್ತನಾಳದ ಒಳಪದರವು ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಬಿಟ್ಟು ನಾಳವನ್ನು ಸಡಿಲಿಸುತ್ತದೆ. ಈಸ್ಟ್ರೋಜೆನ್ ಆ ಅನಿಲದ ಉತ್ಪತ್ತಿಯನ್ನು ಪ್ರಚೋದಿಸುತ್ತದೆ. ಉಪ್ಪಿಗೆ ಸುಲಭವಾಗಿ ರಕ್ತದೊತ್ತಡ ಏರುವ ಡಾಲ್ ತಳಿಯ ಹೆಣ್ಣಿಲಿಗಳಲ್ಲಿ ಅಂಡಾಶಯವನ್ನು ತೆಗೆದರೆ ಒತ್ತಡವು ಇನ್ನಷ್ಟು ಬೇಗ ಏರುತ್ತದೆ. ಹೀಗೆ ಒಂದು ರಸ ತಪ್ಪಿದರೆ ಹಸಿವು, ಶಕ್ತಿವ್ಯಯ, ಯಕೃತ್ತು, ರಕ್ತನಾಳ ಎಂಬ ನಾಲ್ಕಾರು ಕಡೆ ಒಮ್ಮೆಗೇ ಸಡಿಲಿಕೆ ಉಂಟಾಗುತ್ತದೆ. ಅವುಗಳಲ್ಲಿ ಒಂದೊಂದೂ ಅಲ್ಪವೇ, ಕೂಡಿದಾಗ ಮಾತ್ರ ಅಲ್ಪವಲ್ಲ.

ಆದರೆ ಇಲಿ ಸುಂಡಿಲಿಗಳ ಧಮನಿಗಳಲ್ಲಿ ಸ್ವಭಾವತಃ ಜಿಡ್ಡು ಕಟ್ಟುವುದಿಲ್ಲ. ಜೀನನ್ನು ಕೆಡಿಸಿಯೇ ಆ ರೋಗವನ್ನು ಬರಿಸಬೇಕು. ಅವುಗಳಿಗೆ ತಿಂಗಳ ಮುಟ್ಟೂ ಇಲ್ಲ. ಮನುಷ್ಯರಿಗೆ ಹತ್ತಿರವಾದ ಉತ್ತರ ಬೇಕಾದರೆ ಕೋತಿಯ ಬಳಿಗೇ ಹೋಗಬೇಕಾಗಿತ್ತು. ಉತ್ತರ ಕೆರೊಲಿನಾ ಪ್ರಾಂತದ ವಿನ್‌ಸ್ಟನ್-ಸೇಲಂ ನಗರದ ವೈದ್ಯಕೀಯ ವಿದ್ಯಾಲಯದಲ್ಲಿ ಪಶುವೈದ್ಯರಾಗಿದ್ದ ಥಾಮಸ್ ಕ್ಲಾರ್ಕ್‌ಸನ್, ಅವರ ಸಹೋದ್ಯೋಗಿಗಳಾದ ಜೇ ಕಪ್ಲಾನ್, ಮೈಕೇಲ್ ಆಡಮ್ಸ್, ಕೆರೊಲ್ ಷೈವ್ಲಿ ಮೊದಲಾದವರು ದಶಕಗಳ ಕಾಲ ನಡೆಸಿದ ಅಧ್ಯಯನಗಳನ್ನು ನಾನು ಈ ಕ್ಷೇತ್ರದ ಅತ್ಯುತ್ತಮ ಕಾರ್ಯವೆಂದು ತಿಳಿಯುತ್ತೇನೆ. ಅವರು ಆರಿಸಿಕೊಂಡದ್ದು ಆಗ್ನೇಯ ಏಷ್ಯದ ಉದ್ದಬಾಲದ ಮಕಾಕ್ ಕೋತಿಯನ್ನು. ಅದರ ಹೆಣ್ಣಿಗೆ ಸುಮಾರು ಇಪ್ಪತ್ತೆಂಟು ದಿನಗಳ ಋತುಚಕ್ರವುಂಟು. ಕೊಬ್ಬು ಹೆಚ್ಚಾದ ಆಹಾರವನ್ನು ಕೊಟ್ಟರೆ ಅದರ ಹೃದಯಧಮನಿಗಳಲ್ಲಿ ಮನುಷ್ಯರಲ್ಲಿರುವಂತಹುದೇ ಜಿಡ್ಡು ಕಟ್ಟುತ್ತದೆ. ಮತ್ತು, ಮನುಷ್ಯರಲ್ಲಿರುವಂತೆಯೇ, ಗಂಡಿನಲ್ಲಿ ಹೆಚ್ಚು, ಹೆಣ್ಣಿನಲ್ಲಿ ಕಡಮೆ.

ಈ ಕೋತಿಗಳನ್ನು ಒಂಟಿಯಾಗಿ ಪಂಜರದಲ್ಲಿಡದೆ ಸಣ್ಣ ಗುಂಪುಗಳಾಗಿ ಇರಿಸಿದರು. ಗುಂಪು ಕೂಡಿದೊಡನೆಯೇ ಅವುಗಳಲ್ಲಿ ಮೇಲುಕೀಳಿನ ಶ್ರೇಣಿ ಏರ್ಪಡುತ್ತದೆ. ಯಾರು ಯಾರನ್ನು ಬೆದರಿಸಿ ಓಡಿಸುತ್ತಾರೆ, ಯಾರು ಯಾರಿಗೆ ಜಾಗ ಬಿಟ್ಟು ಸರಿಯುತ್ತಾರೆ, ಯಾರ ಮೈಯನ್ನು ಯಾರು ಹೆಕ್ಕುತ್ತಾರೆ ಎಂಬುದನ್ನು ಸಂಶೋಧಕರು ತಾಳ್ಮೆಯಿಂದ ಬರೆದುಕೊಂಡರು. 1984ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಮೇಲಿನ ಸ್ಥಾನದ ಹೆಣ್ಣುಗಳ ಧಮನಿಗಳು ಬಹುಮಟ್ಟಿಗೆ ಶುದ್ಧವಾಗಿದ್ದುವು, ಕೆಳಗಿನ ಸ್ಥಾನದ ಹೆಣ್ಣುಗಳ ಧಮನಿಗಳಲ್ಲಿ ಗಂಡುಗಳಿಗೆ ಸಮನಾಗಿ ಜಿಡ್ಡು ಕಟ್ಟಿತ್ತು. ಎಲ್ಲ ಕೋತಿಗಳೂ ತಿಂದದ್ದು ಒಂದೇ ಆಹಾರ. ಕೆಳಗಿನವುಗಳ ಅಂಡಾಶಯ ಎಲ್ಲಿಗೂ ಹೋಗಿರಲಿಲ್ಲ, ಅವು ಮುದಿಯೂ ಆಗಿರಲಿಲ್ಲ. ಆದರೆ ರಕ್ತವನ್ನು ಪರೀಕ್ಷಿಸಿ ನೋಡಿದಾಗ ಅವುಗಳ ಋತುಚಕ್ರ ಕೆಟ್ಟಿತ್ತು. ಹಲವು ಚಕ್ರಗಳಲ್ಲಿ ಅಂಡವೇ ಬಿಡುಗಡೆಯಾಗುತ್ತಿರಲಿಲ್ಲ, ಅಂಡಾಶಯದ ರಸಗಳ ಮಟ್ಟ ಕುಸಿದಿತ್ತು.

ಮರುವರ್ಷ, ಅಂದರೆ 1985ರಲ್ಲಿ, ಈ ಸಂಬಂಧವನ್ನು ಪರೀಕ್ಷೆಗೊಡ್ಡಿದ ಫಲಿತಾಂಶ ಹೊರಬಿತ್ತು. ಅಂಡಾಶಯವನ್ನು ತೆಗೆದುಹಾಕಿದ ಹೆಣ್ಣುಗಳಲ್ಲಿ ಮೇಲುಸ್ಥಾನದ ರಕ್ಷಣೆ ಉಳಿಯಲಿಲ್ಲ. ಮೇಲಿನದಾಗಲಿ ಕೆಳಗಿನದಾಗಲಿ, ಎಲ್ಲವುಗಳ ಧಮನಿಗಳೂ ಅಂಡಾಶಯವಿದ್ದೂ ಕೀಳಾಗಿ ಬಾಳಿದ ಹೆಣ್ಣುಗಳ ಧಮನಿಗಳಂತೆಯೇ ಕೆಟ್ಟುವು. ಸ್ಥಾನದ ಬಲವು ಅಂಡಾಶಯದ ಮೂಲಕವೇ ಕೆಲಸ ಮಾಡುತ್ತಿತ್ತೆಂದು ಇದರಿಂದ ಊಹಿಸಬಹುದಾಗಿತ್ತು. ಅದಕ್ಕೆ ಇನ್ನೊಂದು ಸಾಕ್ಷಿ ಒಂದು ದಶಕದ ಮೇಲೆ ದೊರೆಯಿತು: ಈಸ್ಟ್ರೋಜೆನ್ ಬೆರೆತ ಗರ್ಭನಿರೋಧಕ ಗುಳಿಗೆಯನ್ನು ಕೊಟ್ಟಾಗ ಕೆಳಗಿನ ಸ್ಥಾನದ ಹೆಣ್ಣುಗಳಲ್ಲಿ ಧಮನೀರೋಗ ತಗ್ಗಿತು.

ಈ ಪ್ರಯೋಗಗಳ ಮುಂದೆ ನಾನು ಬಹಳ ಹೊತ್ತು ನಿಲ್ಲುವುದಕ್ಕೆ ಕಾರಣವಿದೆ. ಈಸ್ಟ್ರೋಜೆನ್ನಿನ ನಷ್ಟವೆಂದರೆ ಶಸ್ತ್ರವೈದ್ಯನ ಕತ್ತಿ ಇಲ್ಲವೆ ಐವತ್ತರ ವಯಸ್ಸು ಎಂದು ನಾವು ತಿಳಿದಿರುತ್ತೇವೆ. ಹಾಗಲ್ಲವೆಂದು ಈ ಕೋತಿಗಳು ತೋರಿಸಿಕೊಟ್ಟುವು. ನಿತ್ಯವೂ ಬೆದರಿ, ನಿತ್ಯವೂ ಸರಿದು, ತನ್ನ ಮೈಯನ್ನು ಹೆಕ್ಕುವವರಿಲ್ಲದೆ, ಯಾವ ಕ್ಷಣದಲ್ಲಿ ಯಾರು ಮೇಲೆರಗುತ್ತಾರೋ ಎಂದು ಸುತ್ತಲೂ ನೋಡುತ್ತ ಕಳೆಯುವ ಹೆಣ್ಣಿನ ಮಿದುಳು ಅಂಡಾಶಯಕ್ಕೆ ಕಳುಹಿಸಬೇಕಾದ ಸಂದೇಶವನ್ನು ಕುಗ್ಗಿಸುತ್ತದೆ. ಅಂಡಾಶಯ ತಾರುಣ್ಯದಲ್ಲಿಯೇ ಮಂಕಾಗುತ್ತದೆ. ಧಮನಿಯು ಅದರ ಬೆಲೆಯನ್ನು ತೆರುತ್ತದೆ. ಷೈವ್ಲಿಯವರು ಮುಂದೆ ಕಂಡುಕೊಂಡಂತೆ, ಇಂತಹ ಹೆಣ್ಣುಗಳಲ್ಲಿ ಕೊಬ್ಬು ಸಹ ಒಡಲೊಳಗಿನ ಅಂಗಗಳ ಸುತ್ತ ಹೆಚ್ಚಾಗಿ ಸೇರುತ್ತದೆ, ಮತ್ತು ಮಧುಮೇಹ, ಹೃದ್ರೋಗಗಳಿಗೆ ಅತಿ ಸಮೀಪದ ಸಂಬಂಧವಿರುವುದು ಈ ಕೊಬ್ಬಿಗೇ. ಮನುಷ್ಯ ಸಮಾಜದಲ್ಲಿ ಮೇಲುಕೀಳು ಕೋತಿಗಳದಷ್ಟು ಸರಳವಲ್ಲ; ಕೋತಿಯಿಂದ ಮನುಷ್ಯರಿಗೆ ನೇರವಾಗಿ ಗೆರೆ ಎಳೆಯುವುದು ತಪ್ಪು. ಆದರೂ ಹೆಣ್ಣಿನ ಹೃದಯದ ಆರೋಗ್ಯವನ್ನು ವಿಚಾರಿಸುವಾಗ ಅವಳ ರಕ್ತದ ಕೊಲೆಸ್ಟರಾಲನ್ನು ಕೇಳಿ, ಅವಳು ಮನೆಯಲ್ಲಿ ಹೇಗೆ ಬಾಳುತ್ತಾಳೆಂಬುದನ್ನು ಕೇಳದೆ ಇರುವ ವೈದ್ಯಶಾಸ್ತ್ರವು ಅರ್ಧವನ್ನು ಮಾತ್ರ ಕೇಳಿದಂತಾಯಿತೆಂದು ನನ್ನ ದೃಢವಾದ ನಂಬಿಕೆ.

ಹೋದುದನ್ನು ಮರಳಿ ಕೊಟ್ಟರೆ ಧಮನಿ ಉಳಿಯುವುದೇ? 1990ರಲ್ಲಿ ಇದೇ ತಂಡವು ಅಂಡಾಶಯ ತೆಗೆದ ಕೋತಿಗಳಿಗೆ ಈಸ್ಟ್ರಡಯೋಲನ್ನು ಕೊಟ್ಟು, ಹೃದಯಧಮನಿಯ ರೋಗ ಗಣನೀಯವಾಗಿ ತಗ್ಗುವುದನ್ನು ತೋರಿಸಿತು. ಅದೇ ವರ್ಷ ವಿಲಿಯಮ್ಸ್ ಎಂಬ ಸಂಶೋಧಕರು ಇತರರೊಡನೆ ಇನ್ನೊಂದು ಸಂಗತಿಯನ್ನು ಪ್ರಕಟಿಸಿದರು. ಅಸಿಟೈಲ್ ಕೋಲಿನ್ ಎಂಬ ವಸ್ತುವನ್ನು ಹೃದಯಧಮನಿಗೆ ಹಾಯಿಸಿದರೆ ಆರೋಗ್ಯವಂತ ಧಮನಿ ಅಗಲವಾಗುತ್ತದೆ. ಜಿಡ್ಡು ಕಟ್ಟಿದ, ಈಸ್ಟ್ರೋಜೆನ್ ಇಲ್ಲದ ಕೋತಿಯ ಧಮನಿ ಅದಕ್ಕೆ ವಿರುದ್ಧವಾಗಿ ಕುಗ್ಗಿತು. ಅಷ್ಟೇ ಜಿಡ್ಡಿದ್ದರೂ ಈಸ್ಟ್ರೋಜೆನ್ ಪಡೆದ ಕೋತಿಯ ಧಮನಿ ಕುಗ್ಗಲಿಲ್ಲ. ಮುಂದಿನ ಪ್ರಯೋಗದಲ್ಲಿ ಈಸ್ಟ್ರೋಜೆನ್ನನ್ನು ರಕ್ತಕ್ಕೆ ಕೊಟ್ಟ ಕೆಲವು ನಿಮಿಷಗಳಲ್ಲಿಯೇ ಈ ವ್ಯತ್ಯಾಸ ಕಾಣಿಸಿಕೊಂಡಿತು. ಜಿಡ್ಡು ನಿಮಿಷಗಳಲ್ಲಿ ಕರಗುವುದಿಲ್ಲ. ಎಂದಮೇಲೆ ಇದು ಧಮನಿಯ ಗೋಡೆಯ ಮೇಲೆಯೇ ನಡೆದ ನೇರವಾದ ಕ್ರಿಯೆ.

ಇಷ್ಟೆಲ್ಲ ಪುರಾವೆಯಿದ್ದರೂ ಕ್ಲಾರ್ಕ್‌ಸನ್ ಅವರು ಮತ್ತೊಂದು ಪ್ರಶ್ನೆಯನ್ನು ಕೈಬಿಡಲಿಲ್ಲ, ಮತ್ತು ಅದೇ ಅವರ ದೊಡ್ಡತನ. ಔಷಧವನ್ನು ಯಾವಾಗ ಆರಂಭಿಸಬೇಕು? ಅಂಡಾಶಯವನ್ನು ತೆಗೆದ ಕೂಡಲೇ ಈಸ್ಟ್ರೋಜೆನ್ ಆರಂಭಿಸಿದ ಕೋತಿಗಳಲ್ಲಿ ಹೃದಯಧಮನಿಯ ಜಿಡ್ಡು ಸುಮಾರು 70 ಪ್ರತಿಶತ ಕಡಮೆಯಾಯಿತು. ಎರಡು ವರ್ಷ ಬಿಟ್ಟು, ರೋಗವು ಬೇರೂರಿದ ಮೇಲೆ ಆರಂಭಿಸಿದಾಗ ಯಾವ ಪ್ರಯೋಜನವೂ ಕಾಣಲಿಲ್ಲ. ಕೋತಿಯ ಎರಡು ವರ್ಷವೆಂದರೆ ಮನುಷ್ಯರ ಆರು ವರ್ಷಕ್ಕೆ ಸಮನೆಂದು ಎಣಿಸುವುದುಂಟು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎಂದು ನಮ್ಮವರು ಹೇಳುವ ಮಾತು ಧಮನಿಗೂ ಸಲ್ಲುವುದಾಯಿತು; ಗೋಡೆ ಎಳೆಯದಾಗಿ ಗ್ರಾಹಕಗಳು ಸಮೃದ್ಧವಾಗಿರುವಾಗ ಈ ರಸಕ್ಕೆ ಕಿವಿಗೊಡುತ್ತದೆ, ಬಲಿತ ಜಿಡ್ಡು ಕವಿದ ಮೇಲೆ ಕೊಡುವುದಿಲ್ಲ. 1997ರಲ್ಲಿ ಆಡಮ್ಸ್ ಪ್ರಕಟಿಸಿದ ಪ್ರಯೋಗದಲ್ಲಿ ಇನ್ನೊಂದು ಎಚ್ಚರಿಕೆಯೂ ಇತ್ತು: ಈಸ್ಟ್ರೋಜೆನ್ ಒಂದನ್ನೇ ಕೊಟ್ಟ ಕೋತಿಗಳು ರಕ್ಷಣೆ ಪಡೆದುವು, ಅದರೊಡನೆ ಮೆಡ್ರಾಕ್ಸಿಪ್ರೊಜೆಸ್ಟರೋನ್ ಎಂಬ ಕೃತಕ ರಸವನ್ನು ಬೆರೆಸಿ ಕೊಟ್ಟವು ಪಡೆಯಲಿಲ್ಲ.

ಇದೇ ಕಾಲದಲ್ಲಿ ಮನುಷ್ಯರ ಮೇಲೆ ನಡೆದುದನ್ನು ನೆನೆದರೆ ಸಂಕಟವಾಗುತ್ತದೆ. ಹುಂಜಗಳ ಫಲಿತಾಂಶದಿಂದ ಉತ್ಸಾಹಗೊಂಡ ಕಾಲದಲ್ಲಿ, ಒಮ್ಮೆ ಹೃದಯಾಘಾತವಾಗಿದ್ದ ಗಂಡಸರಿಗೆ ಈಸ್ಟ್ರೋಜೆನ್ ಕೊಟ್ಟು ನೋಡಿದ್ದರು. 1966ರಲ್ಲಿ ಆರಂಭವಾದ ಆ ಅಮೆರಿಕದ ದೊಡ್ಡ ಪ್ರಯೋಗದಲ್ಲಿ ಹೆಚ್ಚಿನ ಪ್ರಮಾಣದ ಔಷಧವನ್ನು 1970ರಲ್ಲಿಯೂ, ಕಡಮೆ ಪ್ರಮಾಣದ್ದನ್ನು 1973ರಲ್ಲಿಯೂ ನಿಲ್ಲಿಸಬೇಕಾಯಿತು. ಹೆಚ್ಚಿನ ಪ್ರಮಾಣ ಪಡೆದವರಲ್ಲಿ ಮರು ಹೃದಯಾಘಾತಗಳೂ ರಕ್ತ ಹೆಪ್ಪುಗಟ್ಟುವಿಕೆಯೂ ಹೆಚ್ಚಿದ್ದುವು. ಅನಂತರ ಹೆಂಗಸರ ಸರದಿ ಬಂತು. 1998ರಲ್ಲಿ, ಆಗಲೇ ಹೃದ್ರೋಗವಿದ್ದ 2,763 ಸ್ತ್ರೀಯರ ಮೇಲಿನ ಪ್ರಯೋಗ ಯಾವ ಲಾಭವನ್ನೂ ತೋರಿಸಲಿಲ್ಲ. ಮೊದಲ ವರ್ಷದಲ್ಲಿ ಅಪಾಯವೇ ಹೆಚ್ಚಿತ್ತು. 2002ರ ಜುಲೈ ತಿಂಗಳಲ್ಲಿ ವಿಮೆನ್ಸ್ ಹೆಲ್ತ್ ಇನಿಷಿಯೇಟಿವ್ ಎಂಬ ಮಹಾಪ್ರಯೋಗದ 16,608 ಸ್ತ್ರೀಯರ ಭಾಗವನ್ನು ಅವಧಿಗೆ ಮೊದಲೇ ನಿಲ್ಲಿಸಲಾಯಿತು. ಕುದುರೆಯ ಮೂತ್ರದಿಂದ ಪಡೆದ ಈಸ್ಟ್ರೋಜೆನ್ನನ್ನೂ ಮೆಡ್ರಾಕ್ಸಿಪ್ರೊಜೆಸ್ಟರೋನನ್ನೂ ಕೂಡಿಸಿ ಸೇವಿಸಿದವರಲ್ಲಿ ಸ್ತನದ ಕ್ಯಾನ್ಸರು, ಪಾರ್ಶ್ವವಾಯು, ರಕ್ತ ಹೆಪ್ಪುಗಟ್ಟುವಿಕೆ ಇವುಗಳೊಡನೆ ಹೃದ್ರೋಗವೂ ಅಧಿಕವಾಗಿ ಕಂಡಿತ್ತು. ಜಗತ್ತಿನಾದ್ಯಂತ ಲಕ್ಷಾಂತರ ಸ್ತ್ರೀಯರು ಗುಳಿಗೆಯನ್ನು ಎಸೆದರು. ಪ್ರಾಣಿಗಳ ಮೇಲಿನ ಪ್ರಯೋಗಗಳು ನಮ್ಮನ್ನು ದಾರಿ ತಪ್ಪಿಸಿದುವೆಂಬ ದೂರು ಎಲ್ಲೆಡೆಯೂ ಕೇಳಿಬಂತು.

ಈ ದೂರು ನ್ಯಾಯವಾದದ್ದಲ್ಲ. ಆ ಮಹಾಪ್ರಯೋಗಕ್ಕೆ ಸೇರಿದವರ ಸರಾಸರಿ ವಯಸ್ಸು 63. ಅವರಲ್ಲಿ ಬಹುಮಂದಿಗೆ ಮುಟ್ಟು ನಿಂತು ಹತ್ತು ವರ್ಷ ಕಳೆದಿತ್ತು. ಎರಡು ವರ್ಷ ತಡಮಾಡಿದ ಕೋತಿಗಳ ಸ್ಥಿತಿಯೇ ಇವರದು. ಅವರಿಗೆ ಕೊಟ್ಟ ಜೋಡಿ ಔಷಧವೂ 1997ರ ಕೋತಿಗಳಲ್ಲಿ ಸೋತ ಜೋಡಿಯೇ. ಕೋತಿಗಳು ಹೇಳಿದುದು ಒಂದು, ನಾವು ಕೇಳಿಸಿಕೊಂಡುದು ಅದರ ಅರ್ಧ. ಈಸ್ಟ್ರೋಜೆನ್ ಹೃದಯವನ್ನು ಕಾಯುತ್ತದೆಂಬ ವಾಕ್ಯವನ್ನು ಹಿಡಿದುಕೊಂಡು, ಎಂತಹ ಧಮನಿಯಲ್ಲಿ, ಯಾವ ಕಾಲದಲ್ಲಿ, ಯಾವುದರೊಡನೆ ಕೊಟ್ಟಾಗ ಎಂಬ ವಿಶೇಷಣಗಳನ್ನು ಕೈಬಿಟ್ಟೆವು. 2016ರಲ್ಲಿ ಪ್ರಕಟವಾದ ಕ್ಯಾಲಿಫೋರ್ನಿಯಾದ ಒಂದು ಪ್ರಯೋಗವು ಈ ಕಾಲದ ಪ್ರಶ್ನೆಯನ್ನೇ ಮನುಷ್ಯರಲ್ಲಿ ನೇರವಾಗಿ ಕೇಳಿತು. 643 ಸ್ತ್ರೀಯರನ್ನು, ಮುಟ್ಟು ನಿಂತು ಆರು ವರ್ಷದೊಳಗಿನವರು, ಹತ್ತು ವರ್ಷ ದಾಟಿದವರು ಎಂದು ಎರಡು ಪಾಲು ಮಾಡಿ, ಕತ್ತಿನ ಧಮನಿಯ ಗೋಡೆ ವರ್ಷಕ್ಕೆ ಎಷ್ಟು ದಪ್ಪವಾಗುವುದೆಂದು ಅಳೆದರು. ಮೊದಲ ಪಾಲಿನಲ್ಲಿ ಹುಸಿಗುಳಿಗೆ ಪಡೆದವರದು ವರ್ಷಕ್ಕೆ 0.0078 ಮಿಲಿಮೀಟರ್ ದಪ್ಪವಾದರೆ ಈಸ್ಟ್ರಡಯೋಲ್ ಪಡೆದವರದು 0.0044 ಮಾತ್ರ ದಪ್ಪವಾಯಿತು. ಎರಡನೆಯ ಪಾಲಿನಲ್ಲಿ ಗಮನಾರ್ಹವಾದ ಭೇದ ಕಾಣಲಿಲ್ಲ. ಕೋತಿಗಳ ಮಾತು ಇಷ್ಟರಮಟ್ಟಿಗೆ ನಿಂತಿತು. ಆದರೆ ಗೋಡೆಯ ದಪ್ಪ ಬೇರೆ, ಹೃದಯಾಘಾತ ಬೇರೆ. ಅದೇ ಸ್ತ್ರೀಯರ ಹೃದಯಧಮನಿಗಳ ಚಿತ್ರಗಳಲ್ಲಿ ಎರಡೂ ಪಾಲಿನಲ್ಲಿ ಔಷಧದಿಂದ ಅಂತರ ತೋರಲಿಲ್ಲ. ಈ ಕಾರಣದಿಂದಲೇ ಹೃದಯರಕ್ಷಣೆ ಒಂದಕ್ಕಾಗಿಯೇ ಎಲ್ಲ ಹೆಂಗಸರಿಗೂ ಈಸ್ಟ್ರೋಜೆನ್ ಕೊಡಬೇಕೆಂದು ಇಂದು ವೈದ್ಯಸಂಸ್ಥೆಗಳು ಹೇಳುವುದಿಲ್ಲ, ಮತ್ತು ಹಾಗೆ ಹೇಳದಿರುವುದು ಸರಿಯೆಂದೇ ನನಗೆ ತೋರುತ್ತದೆ.

ಪ್ರಾಣಿಪ್ರಯೋಗದ ಪದ್ಧತಿಯಲ್ಲಿಯೇ ಇರುವ ಒಂದು ಕೊರತೆಯನ್ನೂ ಇಲ್ಲಿ ಹೇಳತಕ್ಕದ್ದು. ಕತ್ತಿಯಿಂದ ತೆಗೆದ ಅಂಡಾಶಯ ಒಂದೇ ದಿನದಲ್ಲಿ ಹೋಗುತ್ತದೆ; ಸ್ತ್ರೀಯ ಅಂಡಾಶಯವಾದರೋ ಹಲವು ವರ್ಷಗಳ ಕಾಲ ಏರಿಳಿಯುತ್ತ ಕ್ಷೀಣಿಸಿ, ಮುಟ್ಟು ನಿಂತಮೇಲೆಯೂ ದೇಹದಲ್ಲಿಯೇ ಉಳಿದು ಕೆಲವು ರಸಗಳನ್ನು ಸ್ವಲ್ಪ ಸ್ವಲ್ಪವಾಗಿ ಸುರಿಸುತ್ತಿರುತ್ತದೆ. ಸಹಜವಾಗಿ ಋತುಬಂಧವಾಗಿ ಆಮೇಲೆಯೂ ದೀರ್ಘಕಾಲ ಬಾಳುವ ಪ್ರಾಣಿಗಳು ಕೆಲವು ತಿಮಿಂಗಿಲಗಳನ್ನು ಬಿಟ್ಟರೆ ಅತಿ ವಿರಳ. ಅವನ್ನು ಪ್ರಯೋಗಶಾಲೆಗೆ ತರುವಂತಿಲ್ಲ. ಆದುದರಿಂದ ಅರಿಜೋನಾದ ಪೆಟ್ರೀಷಿಯಾ ಹೋಯರ್ ಮತ್ತು ಅವರ ಸಂಗಡಿಗರು, ಅಂಡಾಶಯದ ಎಳೆಯ ಕೋಶಿಕೆಗಳನ್ನು ಮಾತ್ರ ಆರಿಸಿ ನಾಶಪಡಿಸತಕ್ಕ ರಾಸಾಯನಿಕವೊಂದನ್ನು ಬಳಸಿ, ಅಂಗವು ಸ್ಥಳದಲ್ಲಿದ್ದೇ ನಿಧಾನವಾಗಿ ಬರಿದಾಗುವ ಸುಂಡಿಲಿಯನ್ನು ಸಿದ್ಧಪಡಿಸಿದರು. ಈ ಮಂದಗತಿಯ ನಷ್ಟದಲ್ಲಿಯೂ ಇನ್ಸುಲಿನ್ನಿಗೆ ಮಂದತೆ ಬರುವುದು ಕಂಡುಬಂದಿದೆ.

ಹಾಗಾದರೆ ಅಂಡಾಶಯವನ್ನು ಕತ್ತರಿಸಿ ತೆಗೆದ ಕೋತಿಗೆ ಸರಿಸಮಾನವಾದ ಸ್ಥಿತಿ ಮನುಷ್ಯರಲ್ಲಿ ಯಾರದು? ಅರುವತ್ತರ ಹೆಂಗಸಿನದಲ್ಲ, ಮೂವತ್ತು ಮೂವತ್ತೈದರ ವಯಸ್ಸಿನಲ್ಲಿ ಶಸ್ತ್ರಕ್ರಿಯೆಯಿಂದ ಅಂಡಾಶಯಗಳನ್ನು ಕಳೆದುಕೊಂಡವಳದು. ಅಧಿಕ ರಕ್ತಸ್ರಾವಕ್ಕೋ ಹೊಟ್ಟೆನೋವಿಗೋ ಗರ್ಭಕೋಶವನ್ನು ತೆಗೆಸಿಕೊಂಡ ಹೆಂಗಸರು ನಮ್ಮ ನಾಡಿನ ಹಳ್ಳಿಗಳಲ್ಲಿಯೂ ಪಟ್ಟಣಗಳಲ್ಲಿಯೂ ಇದ್ದಾರೆ. ಜನರ ಬಾಯಲ್ಲಿ ಅದು ಗರ್ಭಕೋಶದ ಆಪರೇಷನ್ ಎಂದಷ್ಟೇ ಆಗಿರುತ್ತದೆ, ಅಂಡಾಶಯಗಳು ಉಳಿದುವೋ ಹೋದುವೋ ಎಂಬುದು ಎಷ್ಟೋ ವೇಳೆ ಅವಳಿಗೂ ಅವಳ ಮನೆಯವರಿಗೂ ಗೊತ್ತಿರುವುದಿಲ್ಲ. ಭಾರತದ ಸ್ತ್ರೀಯರಲ್ಲಿ ಮುಟ್ಟು ಸಹಜವಾಗಿ ನಿಲ್ಲುವುದು ಸರಾಸರಿ 46 ಅಥವಾ 47ರ ವಯಸ್ಸಿನಲ್ಲಿ, ಅಂದರೆ ಅಮೆರಿಕದವರಿಗಿಂತ ನಾಲ್ಕೈದು ವರ್ಷ ಮೊದಲು. ಹೀಗಿರುವಾಗ ಮೂವತ್ತೈದಕ್ಕೇ ಅಂಡಾಶಯ ಹೋದರೆ ಹತ್ತು ಹನ್ನೆರಡು ವರ್ಷಗಳ ರಕ್ಷಣೆ ಒಂದೇ ದಿನದಲ್ಲಿ ಕಳೆದಂತೆ. ಇಂತಹವಳಿಗೆ, ವಿರುದ್ಧವಾದ ಕಾರಣ ಬೇರೆ ಇಲ್ಲದಿದ್ದರೆ, ಸಹಜ ಋತುಬಂಧದ ವಯಸ್ಸು ಬರುವವರೆಗಾದರೂ ಈಸ್ಟ್ರೋಜೆನ್ನನ್ನು ಕೊಡುವುದು ಲೇಸೆಂದು ವೈದ್ಯಸಂಸ್ಥೆಗಳು ಈಗ ಒಮ್ಮತದಿಂದ ಸಲಹೆಮಾಡುತ್ತವೆ. ಆ ಸಲಹೆ ಅವಳಿಗೆ ಪ್ರಯೋಜನವಾಗಬೇಕಾದರೆ ಶಸ್ತ್ರಕ್ರಿಯೆಯಲ್ಲಿ ಏನನ್ನು ತೆಗೆದರೆಂಬುದನ್ನು ಆಸ್ಪತ್ರೆಯಿಂದ ಹೊರಡುವಾಗ ಅವಳ ಕೈಗೆ ಕೊಡುವ ಕಾಗದದಲ್ಲಿ ಸ್ಪಷ್ಟವಾಗಿ ಬರೆದಿರಬೇಕು, ಮತ್ತು ಅದನ್ನು ಅವಳಿಗೆ ಅವಳ ಮಾತಿನಲ್ಲಿ ತಿಳಿಸಿ ಹೇಳಿರಬೇಕು.